ತಪ್ಪಿನ ಭಯವನ್ನು ಅಳೆದ ಮನಶ್ಶಾಸ್ತ್ರಜ್ಞ

ರಾತ್ರಿ ಹತ್ತು ಗಂಟೆ. ಮರುದಿನ ಒಪ್ಪಿಸಬೇಕಾದ ಪ್ರಯೋಗದ ರೆಕಾರ್ಡ್ ಪುಸ್ತಕವನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಯೊಬ್ಬನು ಬರೆಯುತ್ತಿದ್ದಾನೆ. ಪುಟದ ಕೊನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪುತ್ತದೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದುದನ್ನು ಬರೆದರೆ ಕೆಲಸ ಮುಗಿಯಿತು. ಆದರೆ ಅವನ ಮನಸ್ಸು ಒಪ್ಪುವುದಿಲ್ಲ. ಹಾಳೆಯನ್ನು ಕಿತ್ತು ಮೊದಲಿನಿಂದ ಬರೆಯತೊಡಗುತ್ತಾನೆ. ಹನ್ನೆರಡು ಹೊಡೆಯುವ ವೇಳೆಗೆ ಕಿತ್ತ ಹಾಳೆಗಳು ಆರು. ಪೂರ್ಣವಾದ ಪುಟ ಒಂದೂ ಇಲ್ಲ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮುಂಬಾಗಿಲಿನ ಚಿಲಕವನ್ನು ನಾಲ್ಕನೆಯ ಸಲ ಮುಟ್ಟಿ ನೋಡುತ್ತಿದ್ದಾಳೆ. ಚಿಲಕ ಹಾಕಿರುವುದು ಅವಳ ಕಣ್ಣಿಗೆ ಕಾಣುತ್ತಿದೆ. ಆದರೂ ಹಾಸಿಗೆಗೆ ಮರಳಿದ ಕ್ಷಣವೇ ‘ನಿಜವಾಗಿಯೂ ಹಾಕಿದೆನೆ?’ ಎಂಬ ಸಂದೇಹವು ಮತ್ತೆ ತಲೆಯೆತ್ತುತ್ತದೆ.

ಮೊದಲನೆಯವನನ್ನು ಕಂಡು ಹಿರಿಯರು ‘ಹುಡುಗ ಬಹಳ ಅಚ್ಚುಕಟ್ಟು’ ಎಂದು ಮೆಚ್ಚುತ್ತಾರೆ. ಎರಡನೆಯವಳನ್ನು ಕಂಡು ಮನೆಯವರು ನಗುತ್ತಾರೆ, ಇಲ್ಲವೆ ಗದರುತ್ತಾರೆ. ಮೆಚ್ಚುಗೆಗೆ ಪಾತ್ರವಾದ ಗುಣಕ್ಕೂ ನಗೆಗೆ ಈಡಾದ ನಡತೆಗೂ ಏನಾದರೂ ಸಂಬಂಧವುಂಟೆ? ಪರಿಪೂರ್ಣತೆಯ ಹಂಬಲವು ಯಾವ ಹಂತದಲ್ಲಿ ಗುಣವಾಗಿ ಉಳಿಯುವುದನ್ನು ಬಿಟ್ಟು ಹೊರೆಯಾಗುತ್ತದೆ? ಈ ಪ್ರಶ್ನೆಗಳನ್ನು ಊಹೆಗೆ ಬಿಡದೆ ಅಳತೆಗೆ ಒಳಪಡಿಸಲು ತಮ್ಮ ವೃತ್ತಿಜೀವನದ ಬಹುಭಾಗವನ್ನು ಮೀಸಲಿಟ್ಟವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರ‍್ಯಾಂಡಿ ಫ್ರಾಸ್ಟ್ ಅವರು ಪ್ರಮುಖರು.

ಫ್ರಾಸ್ಟ್ ಅವರು ಕ್ಯಾನ್ಸಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದವರು. ಅವರ ಅಧ್ಯಾಪನ ನಡೆದುದು ಮ್ಯಾಸಚೂಸೆಟ್ಸ್ ರಾಜ್ಯದ ನಾರ್ಥಾಂಪ್ಟನ್ ಎಂಬ ಊರಿನ ಸ್ಮಿತ್ ಕಾಲೇಜಿನಲ್ಲಿ. 1875ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಯು ಮಹಿಳೆಯರಿಗಾಗಿಯೇ ಹುಟ್ಟಿದ ಕಾಲೇಜು. ದೊಡ್ಡ ಆಸ್ಪತ್ರೆಯಾಗಲಿ ವಿಸ್ತಾರವಾದ ಪ್ರಯೋಗಶಾಲೆಯಾಗಲಿ ಸಂಶೋಧನೆಗೆ ಅನಿವಾರ್ಯವಲ್ಲ. ಸರಿಯಾದ ಪ್ರಶ್ನೆ ಮತ್ತು ಜೊತೆಯಲ್ಲಿ ದುಡಿಯುವ ವಿದ್ಯಾರ್ಥಿಗಳು ಇದ್ದರೆ ಸಾಕು ಎಂಬುದಕ್ಕೆ ಅವರ ಕೆಲಸವೇ ನಿದರ್ಶನ. ಅವರ ಮುಖ್ಯ ಲೇಖನಗಳಲ್ಲಿ ಹಲವನ್ನು ಅವರು ತಮ್ಮ ವಿದ್ಯಾರ್ಥಿನಿಯರೊಡನೆ ಸೇರಿ ಬರೆದಿದ್ದಾರೆ.

ಒಂದೇ ಹೆಸರು, ಆರು ಎಳೆಗಳು

ಪರಿಪೂರ್ಣತೆಯ ಹಂಬಲವನ್ನು ಕುರಿತು ಚರ್ಚಿಸಿದವರಲ್ಲಿ ಫ್ರಾಸ್ಟ್ ಮೊದಲಿಗರೇನಲ್ಲ. 1978ರಲ್ಲಿ ಡಾನ್ ಹ್ಯಾಮಚೆಕ್ ಎಂಬ ಮನಶ್ಶಾಸ್ತ್ರಜ್ಞರು ಈ ಹಂಬಲದಲ್ಲಿ ಆರೋಗ್ಯಕರವಾದುದೊಂದು, ರೋಗಕ್ಕೆ ಹತ್ತಿರವಾದುದೊಂದು ಎಂಬ ಎರಡು ಬಗೆಗಳನ್ನು ಗುರುತಿಸಿದ್ದರು. 1980ರಲ್ಲಿ ಡೇವಿಡ್ ಬರ್ನ್ಸ್ ಎಂಬ ಮನೋವೈದ್ಯರು ಈ ಹಂಬಲವೇ ಸೋಲಿಗೆ ದಾರಿಯಾಗುವ ಬಗೆಯನ್ನು ವಿವರಿಸಿ, ಅದನ್ನು ಅಳೆಯಲು ಚಿಕ್ಕದೊಂದು ಪ್ರಶ್ನಾವಳಿಯನ್ನೂ ಪ್ರಕಟಿಸಿದ್ದರು. ಆದರೆ ಒಂದು ತೊಡಕು ಉಳಿದಿತ್ತು. ‘ಪರಿಪೂರ್ಣತೆ’ ಎಂಬ ಒಂದೇ ಮಾತಿನೊಳಗೆ ಹಲವು ಸಂಗತಿಗಳು ಸೇರಿಕೊಂಡಿದ್ದವು. ಎತ್ತರದ ಗುರಿಯನ್ನು ಇಟ್ಟುಕೊಳ್ಳುವವನೂ ತಪ್ಪಿಗೆ ಹೆದರಿ ನಡುಗುವವನೂ ಒಂದೇ ಅಂಕವನ್ನು ಪಡೆಯಬಹುದಾಗಿತ್ತು. ಮೈ ಬಿಸಿಯಾಗಿದೆ ಎಂದಷ್ಟೇ ಹೇಳಿ, ಅದು ಓಡಿಬಂದ ಬಿಸಿಯೋ ಜ್ವರದ ಬಿಸಿಯೋ ಎಂದು ಹೇಳದ ಅಳತೆಯಂತೆ ಅದು ಇತ್ತು.

ಫ್ರಾಸ್ಟ್ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಈ ಗೋಜಲನ್ನು ಬಿಡಿಸಲು ಯತ್ನಿಸಿತು. ಅದರಲ್ಲಿ 35 ಹೇಳಿಕೆಗಳಿವೆ. ಪ್ರತಿಯೊಂದು ಹೇಳಿಕೆಯೂ ತನಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಓದುವವರು 1ರಿಂದ 5ರವರೆಗಿನ ಅಂಕೆಯಿಂದ ಸೂಚಿಸಬೇಕು. ಕಾಲೇಜಿನ ವಿದ್ಯಾರ್ಥಿನಿಯರು ಕೊಟ್ಟ ಉತ್ತರಗಳನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ವಿಂಗಡಿಸಿ ನೋಡಿದಾಗ ಆರು ಬೇರೆ ಬೇರೆ ಎಳೆಗಳು ಗೋಚರಿಸಿದವು. ತಪ್ಪಿನ ಭಯಕ್ಕೆ ಸಂಬಂಧಿಸಿದ ಹೇಳಿಕೆಗಳು 9. ತನಗೆ ತಾನೇ ಇಟ್ಟುಕೊಂಡ ಗುರಿಯ ಎತ್ತರವನ್ನು ಕುರಿತವು 7. ಅಚ್ಚುಕಟ್ಟುತನವನ್ನು ಕುರಿತವು 6. ತಂದೆತಾಯಿಗಳ ನಿರೀಕ್ಷೆಯನ್ನು ಕುರಿತವು 5. ಅವರ ಆಕ್ಷೇಪಣೆಯನ್ನು ಕುರಿತವು 4. ಮಾಡಿದ ಕೆಲಸ ಸರಿಯಾಯಿತೋ ಇಲ್ಲವೋ ಎಂಬ ಸಂದೇಹವನ್ನು ಕುರಿತವು 4.

ಈ ಎಳೆಗಳನ್ನು ಬಿಡಿಸಿದುದರಿಂದ ಆದ ಲಾಭವೇನು? ಗುರಿಯ ಎತ್ತರವೂ ಅಚ್ಚುಕಟ್ಟುತನವೂ ಒಳ್ಳೆಯ ಕೆಲಸದ ಅಭ್ಯಾಸಗಳೊಡನೆ ಹೊಂದಿಕೊಂಡು ಬಂದವು. ಕುಗ್ಗಿದ ಮನಸ್ಸು, ಕಳವಳ ಮೊದಲಾದ ಬಾಧೆಗಳೊಡನೆ ಹೆಣೆದುಕೊಂಡುದು ಮುಖ್ಯವಾಗಿ ತಪ್ಪಿನ ಭಯ ಮತ್ತು ಕೃತಿಸಂದೇಹ. ಅಚ್ಚುಕಟ್ಟುತನವಂತೂ ಉಳಿದ ಐದರಿಂದ ಎಷ್ಟು ಬೇರೆಯಾಗಿ ನಿಂತಿತೆಂದರೆ, ಒಟ್ಟು ಅಂಕದ ಲೆಕ್ಕದಲ್ಲಿ ಅದನ್ನು ಸೇರಿಸುವ ವಾಡಿಕೆಯೇ ಇಲ್ಲ. ಮೇಜಿನ ಮೇಲೆ ಪುಸ್ತಕಗಳನ್ನು ಓರಣವಾಗಿ ಜೋಡಿಸುವವರೆಲ್ಲರೂ ಈ ಹೊರೆಯನ್ನು ಹೊತ್ತವರಲ್ಲ. ಮೇಜು ಅಸ್ತವ್ಯಸ್ತವಾಗಿರುವವರೆಲ್ಲರೂ ಅದರಿಂದ ಪಾರಾದವರೂ ಅಲ್ಲ.

ಅದೇ ಕಾಲಕ್ಕೆ ಕೆನಡಾದಲ್ಲಿ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಇಬ್ಬರು ಬೇರೊಂದು ಅಳತೆಯನ್ನು ರೂಪಿಸುತ್ತಿದ್ದರು. 1991ರಲ್ಲಿ ಪ್ರಕಟವಾದ ಅದು, ತನ್ನಿಂದ ತಾನು ಪರಿಪೂರ್ಣತೆಯನ್ನು ಅಪೇಕ್ಷಿಸುವುದು, ಇತರರಿಂದ ಅಪೇಕ್ಷಿಸುವುದು, ಇತರರು ತನ್ನಿಂದ ಅದನ್ನು ಅಪೇಕ್ಷಿಸುತ್ತಿದ್ದಾರೆಂದು ಭಾವಿಸುವುದು ಎಂಬ ಮೂರು ವಿಧಗಳನ್ನು ಗುರುತಿಸಿತು. ಫ್ರಾಸ್ಟ್ ಮತ್ತು ಸಂಗಡಿಗರು 1993ರಲ್ಲಿ ಎರಡೂ ಅಳತೆಗಳನ್ನು ಜೊತೆಗಿಟ್ಟು ಹೋಲಿಸಿದಾಗ, ಎಲ್ಲ ಎಳೆಗಳ ಹಿಂದೆ ಎರಡು ದೊಡ್ಡ ಪ್ರವಾಹಗಳು ಕಂಡುಬಂದವು: ಮೇಲೇರಬೇಕೆಂಬ ಶ್ರಮ ಒಂದು, ‘ಜನ ನನ್ನನ್ನು ಏನೆಂದು ಎಣಿಸುವರೋ’ ಎಂಬ ಅಂಜಿಕೆ ಇನ್ನೊಂದು.

ಭಯವು ಕೆಲಸವನ್ನು ಸುಧಾರಿಸುವುದೆ?

‘ಭಯವಿದ್ದರೆ ತಾನೇ ಕೆಲಸ ಚೆನ್ನಾಗಿ ಆಗುವುದು?’ ಎಂದು ಯಾರಾದರೂ ಕೇಳಬಹುದು. ನಮ್ಮ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಈ ನಂಬಿಕೆ ಬಲವಾಗಿ ಬೇರೂರಿದೆ. ಫ್ರಾಸ್ಟ್ ಅವರು ಇದನ್ನು ಪ್ರಯೋಗದಿಂದ ಪರೀಕ್ಷಿಸಿದರು. ಹಂಬಲದ ಅಂಕ ಹೆಚ್ಚಾಗಿದ್ದ ವಿದ್ಯಾರ್ಥಿನಿಯರ ಗುಂಪು ಒಂದು, ಕಡಿಮೆಯಿದ್ದವರ ಗುಂಪು ಇನ್ನೊಂದು. ಒಂದು ಗದ್ಯಭಾಗವನ್ನು ಅರ್ಥ ಕೆಡದಂತೆ ಬೇರೆ ಮಾತುಗಳಲ್ಲಿ ಬರೆಯಬೇಕೆಂದು ಇಬ್ಬರಿಗೂ ತಿಳಿಸಲಾಯಿತು. ಬರಹವನ್ನು ಮೌಲ್ಯಮಾಪನ ಮಾಡಲಾಗುವುದೆಂಬ ಸೂಚನೆ ಇದ್ದಾಗ ಮೊದಲ ಗುಂಪಿನವರ ಮನಸ್ಸು ಹೆಚ್ಚು ಕಲಕಿತು; ಇನ್ನೂ ಚೆನ್ನಾಗಿ ಬರೆಯಬೇಕಾಗಿತ್ತೆಂಬ ಕೊರಗೂ ಅವರನ್ನು ಕಾಡಿತು. ಇಷ್ಟರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ಫಲಿತಾಂಶ: 1990ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಪರಿಪೂರ್ಣತೆಗಾಗಿ ಹಂಬಲಿಸಿದವರ ಬರಹವೇ ಗುಣದಲ್ಲಿ ಕಡಿಮೆ ಎಂದು ತೀರ್ಮಾನವಾಯಿತು.

1995ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ತಪ್ಪುಗಳು ತಾವಾಗಿಯೇ ಹೆಚ್ಚಾಗಿ ಆಗುವಂತಹ ಕೆಲಸವನ್ನು ಕೊಡಲಾಯಿತು. ತಪ್ಪಿಗೆ ಬಹಳವಾಗಿ ಅಂಜುವವರು, ತಮ್ಮನ್ನು ಇತರರು ದಡ್ಡರೆಂದು ಎಣಿಸುವರೆಂದು ಭಾವಿಸಿದರು. ತಮ್ಮ ಫಲಿತಾಂಶವನ್ನು ಇತರರಿಗೆ ತಿಳಿಸಲು ಹಿಂಜರಿದರು. ಇದರ ಪರಿಣಾಮವನ್ನು ವಿದ್ಯಾರ್ಥಿಗಳು ತಾವೇ ಯೋಚಿಸಿ ನೋಡಬಹುದು. ತಪ್ಪನ್ನು ಬಚ್ಚಿಡುವವನಿಗೆ ಅದನ್ನು ತಿದ್ದುವವರು ಸಿಗುವುದು ಹೇಗೆ? ಸಂದೇಹವನ್ನು ತರಗತಿಯಲ್ಲಿ ಕೇಳಲು ನಾಚುವವನಿಗೆ ಆ ಪಾಠ ಕೊನೆಯವರೆಗೂ ಅರ್ಥವಾಗದೆ ಉಳಿದೀತು.

ಸಂದೇಹದ ಎಳೆಯನ್ನು ಹಿಡಿದು

ಇನ್ನು ಚಿಲಕವನ್ನು ಮತ್ತೆ ಮತ್ತೆ ಮುಟ್ಟಿ ನೋಡುವವಳ ಕಡೆಗೆ ಹೊರಳೋಣ. ಬೇಡವೆಂದರೂ ಮನಸ್ಸಿಗೆ ನುಗ್ಗಿಬರುವ ಆಲೋಚನೆ, ಅದರಿಂದ ಉಂಟಾಗುವ ತಳಮಳ, ಆ ತಳಮಳವನ್ನು ತಗ್ಗಿಸಲು ಮಾಡಲೇಬೇಕೆನಿಸುವ ಕ್ರಿಯೆ, ಇವು ಮೂರೂ ಸುತ್ತಿ ಸುತ್ತಿ ಬರುವ ಕಾಯಿಲೆಗೆ ಗೀಳು ಮನೋರೋಗವೆಂದು ಹೆಸರು. ಓಸಿಡಿ ಎಂಬ ಇಂಗ್ಲಿಷ್ ಅಕ್ಷರಗಳಿಂದಲೂ ಅದು ಪರಿಚಿತವಾಗಿದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವೈದ್ಯರು ಇದನ್ನು ‘ಸಂದೇಹದ ಹುಚ್ಚು’ ಎಂದು ಕರೆದಿದ್ದರು. ನಮ್ಮ ಹಿರಿಯರ ಬಾಯಲ್ಲಿ ‘ಅನುಮಾನ ಪೆದ್ದ ರೋಗ’ ಎಂಬ ತೆಲುಗಿನ ಮಾತೂ ಓಡಾಡುತ್ತಿತ್ತಲ್ಲವೆ!

ಕೆಟ್ಟ ಆಲೋಚನೆ ಬಂದ ಮಾತ್ರಕ್ಕೆ ಯಾರೂ ರೋಗಿಗಳಾಗುವುದಿಲ್ಲ. ಲಂಡನ್ನಿನಲ್ಲಿ ಎಸ್. ರಾಕ್ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಲ್ ಡಿ ಸಿಲ್ವಾ ಅವರು 1978ರಲ್ಲಿ ಆರೋಗ್ಯವಂತರನ್ನೇ ವಿಚಾರಿಸಿದಾಗ, ಸುಮಾರು ಐವರಲ್ಲಿ ನಾಲ್ವರು ಅಂತಹ ಬೇಡದ ಆಲೋಚನೆಗಳು ತಮಗೂ ಬರುವುವೆಂದು ಒಪ್ಪಿಕೊಂಡರು. ಆಲೋಚನೆಯ ವಿಷಯದಲ್ಲಿ ರೋಗಿಗೂ ನಿರೋಗಿಗೂ ಹೆಚ್ಚು ಭೇದವಿರಲಿಲ್ಲ. ಭೇದವಿದ್ದುದು ಅದು ಎಷ್ಟು ಸಲ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಕಾಡುತ್ತದೆ ಎಂಬುದರಲ್ಲಿ. ಹಾಗಾದರೆ ಕೆಲವರ ಮನಸ್ಸಿನಲ್ಲಿ ಮಾತ್ರ ಅದು ಏಕೆ ಬೇರೂರುತ್ತದೆ?

ಫ್ರಾಸ್ಟ್ ಅವರ ಆರು ಎಳೆಗಳಲ್ಲಿ ಒಂದು ಇಲ್ಲಿ ಉಪಯೋಗಕ್ಕೆ ಬಂದಿತು. 1997ರಲ್ಲಿ ಅವರೂ ಬಾಸ್ಟನ್ ವಿಶ್ವವಿದ್ಯಾನಿಲಯದ ಗೇಲ್ ಸ್ಟೆಕೆಟೀ ಅವರೂ ಸೇರಿ ಗೀಳು ರೋಗಿಗಳನ್ನು, ಹಠಾತ್ತಾಗಿ ತೀವ್ರ ಭೀತಿಗೆ ಒಳಗಾಗುವ ಇನ್ನೊಂದು ಬಗೆಯ ರೋಗಿಗಳನ್ನು, ಹಾಗೂ ಆರೋಗ್ಯವಂತರನ್ನು ಹೋಲಿಸಿದರು. ತಪ್ಪಿನ ಭಯವು ಆರೋಗ್ಯವಂತರಿಗಿಂತ ಗೀಳು ರೋಗಿಗಳಲ್ಲಿ ಹೆಚ್ಚಾಗಿತ್ತು. ಆದರೆ ಭೀತಿರೋಗಿಗಳಿಗೂ ಅವರಿಗೂ ಆ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗೀಳು ರೋಗಿಗಳನ್ನು ಭೀತಿರೋಗಿಗಳಿಂದಲೂ ಬೇರ್ಪಡಿಸಿದುದು ಕೃತಿಸಂದೇಹವೆಂಬ ಆ ನಾಲ್ಕು ಹೇಳಿಕೆಗಳ ಚಿಕ್ಕ ಎಳೆ. ತಪ್ಪಿನ ಭಯವು ಹಲವು ಬೇನೆಗಳಿಗೆ ಸಮಾನವಾದ ನೆಲವಿದ್ದಂತೆ. ಆ ನೆಲದಲ್ಲಿ ಗೀಳಿಗೆ ವಿಶೇಷವಾದ ಬೆಳೆ ಎಂದರೆ, ಮಾಡಿ ಮುಗಿಸಿದ ಕೆಲಸವೂ ಮುಗಿದಂತೆ ಅನಿಸದ ಸಂದೇಹ.

ಸಂದೇಹವನ್ನು ಕಳೆಯಲು ಮತ್ತೆ ಪರೀಕ್ಷಿಸಿ ನೋಡಿದರೆ ಆಗದೆ? ಇದಕ್ಕೆ ಉತ್ತರವು ನೆದರ್ಲೆಂಡ್ಸಿನಿಂದ ಬಂದಿತು. 2003ರಲ್ಲಿ ವ್ಯಾನ್ ಡೆನ್ ಹೌಟ್ ಮತ್ತು ಕಿಂಟ್ ಎಂಬ ವಿಜ್ಞಾನಿಗಳು ಆರೋಗ್ಯವಂತರಿಗೆ ಕಂಪ್ಯೂಟರ್ ಪರದೆಯ ಮೇಲೆ ಒಂದು ಗ್ಯಾಸ್ ಒಲೆಯನ್ನು ತೋರಿಸಿ, ಅದರ ಗುಂಡಿಗಳು ಆರಿವೆಯೇ ಎಂಬುದನ್ನು ಕೆಲವರಿಂದ ಇಪ್ಪತ್ತು ಸಲ ಪರೀಕ್ಷೆ ಮಾಡಿಸಿದರು. ಕೊನೆಯ ಪರೀಕ್ಷೆಯನ್ನು ಕುರಿತು ಕೇಳಿದಾಗ ಅವರ ನೆನಪಿನ ನಿಖರತೆ ಕುಂದಿರಲಿಲ್ಲ. ಆದರೆ ನೆನಪಿನ ಚಿತ್ರ ಮಸುಕಾಗಿತ್ತು. ಅದರ ಮೇಲಿನ ನಂಬಿಕೆ ಕುಸಿದಿತ್ತು. ಒಂದೇ ಕೆಲಸವನ್ನು ಹಲವು ಸಲ ಮಾಡಿದಾಗ ಮನಸ್ಸು ವಿವರಗಳನ್ನು ಗಮನಿಸುವುದನ್ನು ಬಿಟ್ಟು ಯಂತ್ರದಂತೆ ಸಾಗುವುದೇ ಇದಕ್ಕೆ ಕಾರಣವೆಂದು ಅವರು ವಿವರಿಸಿದರು. ಬಾಯಾರಿಕೆಗೆ ಉಪ್ಪುನೀರು ಕುಡಿದಂತೆ, ಪರೀಕ್ಷಿಸಿ ನೋಡಿದಷ್ಟೂ ಸಂದೇಹ ಬೆಳೆಯುತ್ತದೆ.

ಫ್ರಾಸ್ಟ್ ಮತ್ತು ಸ್ಟೆಕೆಟೀ ಅವರು ಮುಂದೆ ಹಲವು ದೇಶಗಳ ಸಂಶೋಧಕರನ್ನು ಒಂದು ಅಧ್ಯಯನ ಮಂಡಲಿಯಲ್ಲಿ ಕೂಡಿಸಿದರು. ಗೀಳಿಗೆ ಇಂಬುಕೊಡುವ ನಂಬಿಕೆಗಳನ್ನು ಆ ಮಂಡಲಿಯು ಆರಾಗಿ ಪಟ್ಟಿಮಾಡಿತು: ಅತಿಯಾದ ಹೊಣೆಯ ಭಾವನೆ, ಆಲೋಚನೆಗಳಿಗೆ ಮಿತಿಮೀರಿದ ಮಹತ್ವ, ಅವನ್ನು ಹತೋಟಿಯಲ್ಲಿಡಲೇಬೇಕೆಂಬ ಹಟ, ಅಪಾಯವನ್ನು ದೊಡ್ಡದಾಗಿ ಕಾಣುವುದು, ಅನಿಶ್ಚಯವನ್ನು ಸಹಿಸದಿರುವುದು, ಕೊನೆಯದಾಗಿ ಪರಿಪೂರ್ಣತೆಯ ಹಂಬಲ. ಬಳಿಕ ಅಂಕಿಗಳನ್ನು ವಿಶ್ಲೇಷಿಸಿದಾಗ ಪರಿಪೂರ್ಣತೆಯ ಹಂಬಲವೂ ನಿಶ್ಚಯಕ್ಕಾಗಿ ತವಕವೂ ಒಂದೇ ಗುಂಪಿನಲ್ಲಿ ಸೇರಿಕೊಂಡವು. ರೆಕಾರ್ಡಿನ ಹಾಳೆ ಕೀಳುವವನೂ ಚಿಲಕ ಮುಟ್ಟುವವಳೂ ದಾಯಾದಿಗಳೆಂಬುದಕ್ಕೆ ಇದೊಂದು ಸಾಕ್ಷಿ.

ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ

ಫ್ರಾಸ್ಟ್ ಅವರ ವೃತ್ತಿಜೀವನದ ದೊಡ್ಡ ತಿರುವಿಗೆ ಕಾರಣವಾದುದು ತರಗತಿಯಲ್ಲಿ ಎದ್ದ ಒಂದು ಪ್ರಶ್ನೆ. 1947ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಕೋಲ್ಯರ್ ಎಂಬ ಇಬ್ಬರು ಸೋದರರು, ತಾವು ಕೂಡಿಹಾಕಿದ ನೂರು ಟನ್ನಿಗೂ ಮೀರಿದ ಹಳೆಯ ಪತ್ರಿಕೆ ಮತ್ತು ಸಾಮಾನುಗಳ ನಡುವೆ ತಮ್ಮ ಮನೆಯಲ್ಲಿಯೇ ಸತ್ತುಬಿದ್ದಿದ್ದುದು ಪತ್ತೆಯಾಗಿತ್ತು. ಈ ವೃತ್ತಾಂತವನ್ನು ಕೇಳಿ ಬೆಳೆದ ವಿದ್ಯಾರ್ಥಿನಿಯೊಬ್ಬಳು, ‘ಗೀಳಿನ ಪುಸ್ತಕಗಳೆಲ್ಲ ಕೈ ತೊಳೆಯುವವರನ್ನೂ ಬೀಗ ನೋಡುವವರನ್ನೂ ಕುರಿತೇ ಹೇಳುತ್ತವೆ, ವಸ್ತುಗಳನ್ನು ಬಿಸಾಡಲಾರದೆ ಕೂಡಿಹಾಕುವವರ ಮಾತೇಕೆ ಇಲ್ಲ?’ ಎಂದು ವಿಚಾರಿಸಿದಳು. ಅಂಥವರು ಬಹು ವಿರಳವೆಂದು ಫ್ರಾಸ್ಟ್ ಎಣಿಸಿದ್ದರು. ಪರೀಕ್ಷಿಸೋಣವೆಂದು ಸ್ಥಳೀಯ ಪತ್ರಿಕೆಯಲ್ಲಿ ಒಂದು ಪ್ರಕಟಣೆಯನ್ನು ಕೊಟ್ಟಾಗ ನೂರಕ್ಕೂ ಹೆಚ್ಚು ಮಂದಿ ದೂರವಾಣಿಯ ಮೂಲಕ ಸಂಪರ್ಕಿಸಿದರು!

ಗುರುಶಿಷ್ಯರಿಬ್ಬರೂ ಸೇರಿ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಕೌತುಕ ಹೊರಬಿದ್ದಿತು. ಕಸದ ರಾಶಿಯ ನಡುವೆ ಬಾಳುವ ಇವರಲ್ಲಿಯೂ ಪರಿಪೂರ್ಣತೆಯ ಹಂಬಲ ಹೆಚ್ಚಾಗಿತ್ತು! ಯೋಚಿಸಿದರೆ ಇದು ಅಸಂಗತವಲ್ಲ. ‘ಈ ಕಾಗದವನ್ನು ಬಿಸಾಡಿದ ಮೇಲೆ ಬೇಕಾದರೆ?’ ಎಂಬ ತಪ್ಪಿನ ಭಯವು ನಿರ್ಧಾರವನ್ನು ತಡೆಯುತ್ತದೆ. ನಿರ್ಧರಿಸಲಾಗದ ಕಾಗದವು ರಾಶಿಗೆ ಸೇರುತ್ತದೆ. ಈ ಕೆಲಸವು ಬೆಳೆದು, 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿಯ ಐದನೆಯ ಆವೃತ್ತಿಯಲ್ಲಿ ಸಂಗ್ರಹದ ಗೀಳು ಸ್ವತಂತ್ರವಾದ ಒಂದು ಕಾಯಿಲೆಯಾಗಿ ಸ್ಥಾನ ಪಡೆಯಿತು. ತಪ್ಪಾದೀತೆಂದು ಹೆದರಿ ಆ ವಿದ್ಯಾರ್ಥಿನಿ ಪ್ರಶ್ನೆಯನ್ನು ನುಂಗಿಕೊಂಡಿದ್ದರೆ ಈ ಅಧ್ಯಾಯ ಇನ್ನೆಷ್ಟು ತಡವಾಗುತ್ತಿತ್ತೋ!

ಅಳತೆಯ ಮಿತಿ, ಚಿಕಿತ್ಸೆಯ ದಾರಿ

ಪ್ರಶ್ನಾವಳಿಗೂ ಅದರದೇ ಆದ ಮಿತಿಗಳುಂಟು. ಒಂದು ಕಾಲೇಜಿನ ವಿದ್ಯಾರ್ಥಿನಿಯರನ್ನು ನೋಡಿ ಕಂಡುಕೊಂಡ ಎಳೆಗಳು ಎಲ್ಲ ಸಮಾಜಗಳಿಗೂ ಹಾಗೆಯೇ ಹೊಂದಬೇಕೆಂದಿಲ್ಲ. ‘ತಂದೆತಾಯಿಗಳ ಆಕ್ಷೇಪಣೆ’ ಎಂಬ ಅಂಕವು ಮಕ್ಕಳಿಗೆ ತೋರಿದುದನ್ನು ಹೇಳುತ್ತದೆಯೇ ಹೊರತು ಮನೆಯಲ್ಲಿ ನಡೆದುದನ್ನಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲೂ ಬಾರದು. ಗೀಳು ಮನೋರೋಗದಲ್ಲಿ ವಂಶಗುಣದ ಪಾಲೂ ಮಿದುಳಿನ ವ್ಯಾಪಾರಗಳ ಪಾಲೂ ಉಂಟು. ಆದುದರಿಂದ ಹಂಬಲವುಳ್ಳವರೆಲ್ಲ ರೋಗಿಗಳಾಗುವರೆಂದು ತಿಳಿಯಬಾರದು. ಅಚ್ಚುಕಟ್ಟಾದವರನ್ನು ಕಂಡು ‘ಇವರಿಗೆ ಓಸಿಡಿ’ ಎಂದು ಹಾಸ್ಯ ಮಾಡುವುದೂ ಸಲ್ಲದು. ದಿನಕ್ಕೆ ಒಂದು ಗಂಟೆಗೂ ಮೀರಿ ಹೊತ್ತನ್ನು ನುಂಗುವ, ಇಲ್ಲವೆ ಓದು, ನಿದ್ರೆ, ಬಳಕೆಗಳನ್ನು ಕೆಡಿಸುವ ಗೀಳು ವೈದ್ಯರ ಗಮನಕ್ಕೆ ಬರತಕ್ಕದ್ದು.

ಚಿಕಿತ್ಸೆ ಇದೆಯೆಂಬುದು ಸಮಾಧಾನದ ಸಂಗತಿ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಅವರು ಇಬ್ಬರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಅಂಜಿಕೆ ಹುಟ್ಟಿಸುವ ಸಂದರ್ಭವನ್ನು ರೋಗಿ ಎದುರಿಸಬೇಕು, ಆದರೆ ತೊಳೆಯುವ ಅಥವಾ ಪರೀಕ್ಷಿಸುವ ಕ್ರಿಯೆಯನ್ನು ಮಾಡಕೂಡದು. ತಳಮಳವು ಮೊದಲು ಏರಿದರೂ ಕ್ರಮೇಣ ತಾನಾಗಿ ಇಳಿಯುತ್ತದೆ ಎಂಬುದು ಆ ವಿಧಾನದ ತಿರುಳು. ಇಂದು ಇದೂ, ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ವರ್ತಿಸುವ ಔಷಧಿಗಳೂ ಮುಖ್ಯ ಚಿಕಿತ್ಸೆಗಳು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಗೀಳು ಮನೋರೋಗಕ್ಕಾಗಿಯೇ ವಿಶೇಷ ಚಿಕಿತ್ಸಾಲಯವುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು.

ಈ ವಿಷಯವು ವಿದ್ಯಾರ್ಥಿಗಳಿಗೆ ದೂರದ್ದಲ್ಲ. ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿದ ಒಂದು ಅಧ್ಯಯನವು, 1989ರಿಂದ 2016ರವರೆಗಿನ ಅವಧಿಯಲ್ಲಿ ಪರಿಪೂರ್ಣತೆಯ ಹಂಬಲ ಏರುತ್ತ ಬಂದಿರುವುದನ್ನು ತೋರಿಸಿತು. ಅಂಕಗಳ ಸ್ಪರ್ಧೆಯ ನಡುವೆ ಓದುತ್ತಿರುವ ನಮ್ಮ ತರುಣರೂ ತಮ್ಮನ್ನು ತಾವು ಒಮ್ಮೆ ಪ್ರಶ್ನಿಸಿಕೊಳ್ಳುವುದು ಒಳ್ಳೆಯದು: ‘ನನ್ನನ್ನು ನಡೆಸುತ್ತಿರುವುದು ಗುರಿಯ ಎತ್ತರವೋ, ತಪ್ಪಿನ ಭಯವೋ?’

ಗುರಿಯನ್ನು ಇಳಿಸಿಕೊಳ್ಳಬೇಕೆಂದು ಫ್ರಾಸ್ಟ್ ಅವರ ಸಂಶೋಧನೆ ಹೇಳುವುದಿಲ್ಲ. ಗುರಿಯೂ ಭಯವೂ ಎರಡು ಬೇರೆ ಎಳೆಗಳೆಂದೂ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಬಹುದೆಂದೂ ಅದು ಸೂಚಿಸುತ್ತದೆ. ರೆಕಾರ್ಡ್ ಪುಸ್ತಕದಲ್ಲಿ ತಪ್ಪಿದ ಅಕ್ಷರದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ದೀಪವಾರಿಸಿ ಮಲಗಿದ ವಿದ್ಯಾರ್ಥಿಯು ಏನನ್ನೂ ಕಳೆದುಕೊಂಡಿಲ್ಲ. ಪ್ರಯೋಗಶಾಲೆಯ ಟಿಪ್ಪಣಿಯಲ್ಲಿ ತಪ್ಪಾದ ಅಂಕಿಯನ್ನು ಅಳಿಸಿಹಾಕದೆ, ಅದು ಕಾಣುವಂತೆಯೇ ಒಂದು ಗೆರೆ ಎಳೆದು ತಿದ್ದುವುದು ವಿಜ್ಞಾನಿಗಳ ಪದ್ಧತಿಯೂ ಹೌದು.